ಕಣ್ಣಿಗೆ ತೆಳ್ಳಗೆ, ಹೆಗಲಿಗೆ ಎಷ್ಟು ಭಾರ?

ಅಂಗಡಿಯ ದೀಪದ ಕೆಳಗೆ ಮನಸೋಲುವುದು ತೆಳುವಾದ ಅಂಚಿಗೆ. ಆದರೆ ದಿನಾ ಹೊತ್ತು ತಿರುಗುವವರಿಗೆ ಬೇಕಾದದ್ದು ಕಡಿಮೆ ತೂಕ, ಬೆರಳಿಗೆ ಒಗ್ಗುವ ಕೀಬೋರ್ಡ್ ಮತ್ತು ಬಿಚ್ಚಿ ಸರಿಪಡಿಸಬಹುದಾದ ಒಡಲು. ಹಳೆಯ ಲ್ಯಾಪ್‌ಟಾಪ್‌ಗಳು ಕಚೇರಿಗಳಿಂದ ಸಾಲುಸಾಲಾಗಿ ಹೊರಬೀಳುತ್ತಿರುವ ಈ ಹೊತ್ತಿನಲ್ಲಿ ಹೊಸದನ್ನು ಆರಿಸುವುದು ಹೇಗೆ, ಅದರೊಂದಿಗೆ ಐದು ವರ್ಷ ಬಾಳುವುದು ಹೇಗೆ?

ಸ್ಕ್ರೂ ಡ್ರೈವರ್ ಇನ್ನೂ ಮುಟ್ಟಿರಲಿಲ್ಲ, ಲ್ಯಾಪ್‌ಟಾಪ್‌ನ ತಳ ಆಗಲೇ ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆ, ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ರಿಪೇರಿ ಅಂಗಡಿ. ಹುಡುಗ ಯಂತ್ರವನ್ನು ಮಗುಚಿ ಹಾಕಿ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕಿದ. ಪ್ಲಾಸ್ಟಿಕ್ ಚೂರೊಂದನ್ನು ಸಂದಿಗೆ ತೂರಿಸಿ ಅಂಚಿನುದ್ದಕ್ಕೂ ಎಳೆದ. ಟಕ್ ಟಕ್ ಎಂದು ಕ್ಲಿಪ್‌ಗಳು ಬಿಟ್ಟುಕೊಂಡವು. ಮುಚ್ಚಳ ಎದ್ದಾಗ ಒಳಗಿನ ಕಪ್ಪು ಬ್ಯಾಟರಿ ಪೂರಿಯಂತೆ ಉಬ್ಬಿ ಕೂತಿತ್ತು.

“ಟಚ್‌ಪ್ಯಾಡ್ ಒತ್ತೋಕಾಗ್ತಿಲ್ಲ ಅಂದ್ರಲ್ಲ ಮೇಡಂ, ನೋಡಿ, ಇದು ಕೆಳಗಿಂದ ತಳ್ತಾ ಇದೆ.”

ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುವ ಆ ಹೆಣ್ಣುಮಗಳ ಮುಖ ಸಣ್ಣಗಾಯಿತು. “ತಗೊಂಡು ಮೂರು ವರ್ಷಾನೂ ಆಗಿಲ್ವಲ್ಲಪ್ಪ. ಡೇಟಾ ಹೋಗಲ್ಲ ತಾನೆ?”

“ಡೇಟಾಗೆ ಏನೂ ಆಗಲ್ಲ. ಆದ್ರೆ ಇನ್ಮೇಲೆ ಇದನ್ನ ಚಾರ್ಜಿಗೆ ಹಾಕ್ಲೇಬೇಡಿ.”

ನಾನು ಬಗ್ಗಿ ನೋಡಿದೆ. ಒಳಗಿನ ಜಾಗದ ಅರ್ಧಕ್ಕೂ ಹೆಚ್ಚು ಬ್ಯಾಟರಿಯದೇ. ಉಳಿದದ್ದರಲ್ಲಿ ಅಂಗೈಯಗಲದ ಮದರ್‌ಬೋರ್ಡ್, ಚಪ್ಪಟೆಯಾದ ಒಂದು ತಾಮ್ರದ ಕೊಳವೆ, ಅದರ ತುದಿಗೆ ಪುಟ್ಟ ಫ್ಯಾನ್. ರ‍್ಯಾಮ್ ಎಂದು ಬೇರೆ ತೋರಿಸಲು ಏನೂ ಇಲ್ಲ, ಕಪ್ಪು ಚಿಪ್‌ಗಳು ಬೋರ್ಡಿಗೇ ಬೆಸೆದುಕೊಂಡಿವೆ. ತೆಳುವಾದ ಲ್ಯಾಪ್‌ಟಾಪ್ ಕೊಳ್ಳುವವರೆಲ್ಲ ಒಮ್ಮೆ ಈ ನೋಟ ನೋಡಬೇಕು. ಯಾವುದನ್ನು ಕೊಟ್ಟು ಯಾವುದನ್ನು ಪಡೆದಿದ್ದೇವೆ ಎಂಬ ಲೆಕ್ಕ ಇಲ್ಲಿ ಕಣ್ಣಿಗೇ ಕಾಣುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಅಂದಿನಿಂದ ಕಚೇರಿಗಳಲ್ಲಿ ಹಳೆಯ ಯಂತ್ರ ಬದಲಿಸುವ ಕೆಲಸಕ್ಕೆ ಬಿರುಸು ಬಂದಿದೆ. ಸ್ವಂತ ದುಡ್ಡಲ್ಲಿ ಕೊಳ್ಳುವವರೂ ಹಬ್ಬದ ಆಫರ್‌ಗಳ ಕಡೆ ಕಣ್ಣಿಟ್ಟಿದ್ದಾರೆ. ಅಂಗಡಿಗೆ ಹೋದವರಿಗೆ ಮೊದಲು ತೋರಿಸುವುದು ಅಂಚನ್ನೇ: “ಎಷ್ಟು ಸ್ಲಿಮ್ ಇದೆ ನೋಡಿ ಸಾರ್!”

ಸ್ಲಿಮ್ ಇರುವುದು ನಿಜ. ಆದರೆ ಹೆಗಲಿಗೆ ಗೊತ್ತಾಗುವುದು ದಪ್ಪವಲ್ಲ, ತೂಕ. ಇವೆರಡೂ ಯಾವಾಗಲೂ ಒಟ್ಟಿಗೇ ಬರುತ್ತವೆ ಎಂದುಕೊಂಡಿದ್ದರೆ ಎರಡು ಹೆಸರಾಂತ ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2022ರಲ್ಲಿ ರೂಪ ಬದಲಿಸಿಕೊಂಡು ಬಂದ 13 ಇಂಚಿನ ಮ್ಯಾಕ್‌ಬುಕ್ ಏರ್‌ನ ದಪ್ಪ ಕೇವಲ 1.13 ಸೆಂ.ಮೀ., ತೂಕ 1.24 ಕೆ.ಜಿ. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನ 13ನೇ ತಲೆಮಾರು ಹಿಂಬದಿಯಲ್ಲಿ ಅದಕ್ಕಿಂತ ದಪ್ಪ, ಪರದೆಯೂ 14 ಇಂಚು. ಆದರೂ ಅದರ ತೂಕ ಶುರುವಾಗುವುದು 1 ಕೆ.ಜಿ.ಗಿಂತ ಕೆಳಗೆ.

ಕಾರಣ ಕವಚದಲ್ಲಿದೆ. ಏರ್‌ನ ಒಡಲು ಅಲ್ಯೂಮಿನಿಯಂನದು, ಒಂದು ಘನ ಸೆಂ.ಮೀ.ಗೆ ಸುಮಾರು 2.7 ಗ್ರಾಂ. ಮೆಗ್ನೀಷಿಯಂ ಮಿಶ್ರಲೋಹವಾದರೆ 1.8 ಗ್ರಾಂ, ಕಾರ್ಬನ್ ಫೈಬರ್ ಇನ್ನೂ ಕಡಿಮೆ. ಅಲ್ಯೂಮಿನಿಯಂ ಕೈಗೆ ತಣ್ಣಗೆ, ಗಟ್ಟಿಯಾಗಿ ಸಿಗುತ್ತದೆ. ಮೆಗ್ನೀಷಿಯಂ ಮುಟ್ಟಿದರೆ ಪ್ಲಾಸ್ಟಿಕ್ ಅನ್ನಿಸುತ್ತದೆ. ಇಷ್ಟು ದುಡ್ಡಿಗೆ ಇದೇನಾ ಎಂದು ಗಿರಾಕಿ ಮುಖ ಸಿಂಡರಿಸುತ್ತಾನೆ. ದಿನಾ ಮೆಟ್ರೊದಲ್ಲಿ ನಿಂತೇ ಹೋಗುವವರು ಈ ಪ್ಲಾಸ್ಟಿಕ್ಕಿನಂಥ ಸ್ಪರ್ಶವನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲಕೋಟೆಯೊಳಗಿನ ಯಂತ್ರ

ತೆಳುವಿನ ಮೋಹಕ್ಕೆ ದಿನಾಂಕವೇ ಇದೆ: 2008ರ ಜನವರಿ 15. ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಕಚೇರಿ ಕಾಗದ ಹಾಕುವ ಕಂದು ಲಕೋಟೆಯ ದಾರ ಬಿಚ್ಚಿ, ಒಳಗಿಂದ ಮೊದಲ ಮ್ಯಾಕ್‌ಬುಕ್ ಏರ್ ತೆಗೆದರು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಅತಿ ತೆಳುವಿನ ತುದಿಯಲ್ಲಿ 4 ಮಿ.ಮೀ., ತೂಕ 1.36 ಕೆ.ಜಿ. ಅದರೊಳಗೆ ಹಿಡಿಸಲೆಂದೇ ಇಂಟೆಲ್ ತನ್ನ ಪ್ರೊಸೆಸರ್‌ನ ಪ್ಯಾಕೇಜನ್ನು ಶೇ 60ರಷ್ಟು ಕುಗ್ಗಿಸಿ ಕೊಟ್ಟಿತ್ತು. ಬಿಟ್ಟುಕೊಟ್ಟದ್ದೂ ಬಹಳ: ಡಿವಿಡಿ ಡ್ರೈವ್ ಇಲ್ಲ, ನೆಟ್‌ವರ್ಕ್ ಕೇಬಲ್ಲಿನ ಕಿಂಡಿ ಇಲ್ಲ, ಯುಎಸ್‌ಬಿ ಒಂದೇ. ಬಳಕೆದಾರ ತಾನೇ ತೆಗೆದು ಹಾಕುವ ಬ್ಯಾಟರಿಯೂ ಇಲ್ಲ.

ಅದೇ ವರ್ಷ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್300 ತಂದಿತು. ಹೆಚ್ಚುಕಡಿಮೆ ಅಷ್ಟೇ ತೂಕದಲ್ಲಿ ಡಿವಿಡಿ ಡ್ರೈವ್, ನೆಟ್‌ವರ್ಕ್ ಕಿಂಡಿ, ಮೂರು ಯುಎಸ್‌ಬಿ, ಕಳಚಬಹುದಾದ ಬ್ಯಾಟರಿ ಎಲ್ಲವೂ ಅದರಲ್ಲಿದ್ದವು. ನೋಡಲು ಮಾತ್ರ ಕರಿ ಡಬ್ಬಿ. ಜನರ ನೆನಪಿನಲ್ಲಿ ಉಳಿದದ್ದು ಲಕೋಟೆ. ಮುಂದಿನ ದಶಕದಲ್ಲಿ ಎಲ್ಲ ಕಂಪನಿಗಳೂ ಏರ್‌ನ ದಾರಿಯನ್ನೇ ಹಿಡಿದವು.

ಹಾಗೆ ನೋಡಿದರೆ ಹಗುರದ ಕನಸು ಇನ್ನೂ ಹಳೆಯದು. ಅಮೆರಿಕದ ವಿಜ್ಞಾನಿ ಅಲನ್ ಕೇ 1972ರಲ್ಲೇ ‘ಡೈನಾಬುಕ್’ ಎಂಬ ಯಂತ್ರವನ್ನು ಕಲ್ಪಿಸಿ, ನೋಟ್‌ಬುಕ್ಕಿನ ಗಾತ್ರದ ಅದು 4 ಪೌಂಡ್ (ಸುಮಾರು 1.8 ಕೆ.ಜಿ.) ದಾಟಬಾರದು ಎಂದು ಬರೆದಿದ್ದರು. ಮಡಚುವ ಲ್ಯಾಪ್‌ಟಾಪಿನ ಮೂಲರೂಪವೆನಿಸಿದ ಗ್ರಿಡ್ ಕಂಪಾಸ್ 1982ರಲ್ಲಿ ಬಂತು. ವಿನ್ಯಾಸಕ ಬಿಲ್ ಮಾಗ್ರಿಜ್. ಬೆಲೆ 8,150 ಡಾಲರ್. ಕೊಂಡವರಲ್ಲಿ ನಾಸಾ ಕೂಡ ಇತ್ತು, ಬಾಹ್ಯಾಕಾಶ ನೌಕೆಯಲ್ಲಿ ಅದು ಹಾರಿತು. ಮೆಗ್ನೀಷಿಯಂ ಮಿಶ್ರಲೋಹದ ಕವಚವನ್ನು ಆಗಲೇ ಅದು ತೊಟ್ಟಿತ್ತು. ಆದರೆ ಅದಕ್ಕೆ ಬ್ಯಾಟರಿಯೇ ಇರಲಿಲ್ಲ, ಎಲ್ಲಿ ಹೋದರೂ ಪ್ಲಗ್ ಹುಡುಕಬೇಕಿತ್ತು.

> ಬಾಕ್ಸ್: 11 ಕಿಲೋದಿಂದ 1 ಕಿಲೋಗೆ
>
> 1981: ಆಸ್ಬೋರ್ನ್ 1. ‘ಹೊತ್ತೊಯ್ಯಬಹುದಾದ’ ಕಂಪ್ಯೂಟರ್, ತೂಕ ಸುಮಾರು 11 ಕೆ.ಜಿ.
>
> 1992: ಐಬಿಎಂ ಥಿಂಕ್‌ಪ್ಯಾಡ್ 700ಸಿ. ಕೀಬೋರ್ಡಿನ ನಡುವೆ ಕೆಂಪು ಗುಂಡಿ. ವಿನ್ಯಾಸಕ ರಿಚರ್ಡ್ ಸ್ಯಾಪರ್.
>
> 2011: ಇಂಟೆಲ್‌ನ ‘ಅಲ್ಟ್ರಾಬುಕ್’ ಘೋಷಣೆ, ತೈಪೆಯಲ್ಲಿ.
>
> 2012: ಮೊದಲ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್.
>
> 2019: ಎಚ್‌ಪಿ ಎಲೀಟ್ ಡ್ರ್ಯಾಗನ್‌ಫ್ಲೈ, 1 ಕೆ.ಜಿ.ಗಿಂತ ಕಡಿಮೆ.
>
> 2020: ಆ್ಯಪಲ್‌ನ ಎಂ1 ಚಿಪ್, ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್.

18 ಮಿಲಿಮೀಟರಿನ ಗೆರೆ

ಎಸ್.ಪಿ. ರಸ್ತೆಯ ಆ ಬ್ಯಾಟರಿ ಯಾಕೆ ಊದಿತು ಎಂಬ ಪ್ರಶ್ನೆಗೂ ಈ ಚರಿತ್ರೆಗೂ ನಂಟಿದೆ.

ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಟರಿಯಲ್ಲಿ ಉದ್ದನೆಯ ಲೋಹದ ಸೆಲ್‌ಗಳಿರುತ್ತಿದ್ದವು. ಹೆಸರು 18650: ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ತೆಳು ಲ್ಯಾಪ್‌ಟಾಪ್‌ಗಳಿಗೆ ಇಂಟೆಲ್ ಹಾಕಿದ ‘ಅಲ್ಟ್ರಾಬುಕ್’ ನಿಯಮದಲ್ಲಿ 14 ಇಂಚಿಗಿಂತ ಚಿಕ್ಕ ಪರದೆಯ ಯಂತ್ರದ ಇಡೀ ದಪ್ಪವೇ 18 ಮಿ.ಮೀ. ಮೀರುವಂತಿರಲಿಲ್ಲ. ಪರದೆ, ಕೀಬೋರ್ಡ್ ಎಲ್ಲ ಸೇರಿ ಅಷ್ಟು. ಅಲ್ಲಿ ದುಂಡನೆಯ ಸೆಲ್ ಹಿಡಿಸುವುದೆಲ್ಲಿಂದ? ಹಾಗಾಗಿ ಚಪ್ಪಟೆ ಚೀಲದಂಥ ಪೌಚ್ ಸೆಲ್‌ಗಳು ಬಂದವು. ಲಿಥಿಯಂ ಅಯಾನ್ ಬ್ಯಾಟರಿಗೆ ವಯಸ್ಸಾದಂತೆ, ಬಿಸಿಗೆ ಸಿಕ್ಕಂತೆ ಒಳಗಿನ ದ್ರಾವಣ ಸ್ವಲ್ಪಸ್ವಲ್ಪವಾಗಿ ಒಡೆದು ಅನಿಲವಾಗುತ್ತದೆ. ಲೋಹದ ಡಬ್ಬಿ ಆ ಒತ್ತಡ ತಡೆಯುತ್ತಿತ್ತು, ಪೌಚ್ ಉಬ್ಬುತ್ತದೆ. ಅದರ ನೆತ್ತಿಯ ಮೇಲೇ ಟಚ್‌ಪ್ಯಾಡ್.

ಎಲ್ಲ ತೆಳು ಯಂತ್ರಗಳ ಬ್ಯಾಟರಿಯೂ ಊದುತ್ತದೆಂದಲ್ಲ, ಬಹುಪಾಲು ಊದುವುದಿಲ್ಲ. ಆದರೆ ಅದನ್ನು ಬೇಗ ಮುದಿಯಾಗಿಸುವ ಎರಡು ಅಭ್ಯಾಸ ನಮ್ಮಲ್ಲಿ ತೀರಾ ಸಾಮಾನ್ಯ. ಒಂದು, ಬೆಳಿಗ್ಗೆಯಿಂದ ಸಂಜೆವರೆಗೆ ಚಾರ್ಜರ್ ಚುಚ್ಚಿಯೇ ಇಡುವುದು. ಇನ್ನೊಂದು, ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟು ಕೆಲಸ ಮಾಡುವುದು. ಗಾಳಿ ಎಳೆಯುವ ಕಿಂಡಿ ತಳದಲ್ಲೇ ಇರುತ್ತದೆ, ಹತ್ತಿ ಅದನ್ನು ಮುಚ್ಚುತ್ತದೆ. ನೂರಕ್ಕೆ ನೂರು ಚಾರ್ಜಿನಲ್ಲಿ, ಬಿಸಿಯಲ್ಲಿ, ಗಂಟೆಗಟ್ಟಲೆ ಕೂರಿಸಿದರೆ ಬ್ಯಾಟರಿ ಸೊರಗುವುದೇ. ಬಿಸಿನೆಸ್ ಮಾದರಿಗಳ ಬಹುತೇಕ ಎಲ್ಲದರಲ್ಲೂ ಚಾರ್ಜನ್ನು 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಕಂಪನಿಯ ಆ್ಯಪ್‌ನಲ್ಲಿ ಅಥವಾ ಯಂತ್ರ ಶುರುವಾಗುವಾಗ ತೆರೆಯಬಹುದಾದ ಬಯಾಸ್‌ನಲ್ಲಿ. ಹೊಸ ಯಂತ್ರದ ಡಬ್ಬಿ ಒಡೆದ ದಿನವೇ ಅದನ್ನು ಆನ್ ಮಾಡಿ. ಪ್ರವಾಸದ ಹಿಂದಿನ ರಾತ್ರಿ ಮಾತ್ರ 100ಕ್ಕೆ ಬಿಡಿ.

ಬಿಸಿಯ ಮಾತು ಬಂದಾಗ ನಮ್ಮ ಊರುಗಳ ಲೆಕ್ಕವನ್ನೂ ಹಿಡಿಯಬೇಕು. ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ಬೇರೆ ಅನೇಕ ಕಂಪನಿಗಳ ಮೇಲ್ಮಿತಿಯೂ 35ರ ಆಸುಪಾಸೇ. ಕಲಬುರಗಿ, ರಾಯಚೂರಿನ ಮೇ ತಿಂಗಳಿಗೆ ಇದನ್ನು ಹೋಲಿಸಿ: ಮಧ್ಯಾಹ್ನ 40 ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಎಸಿ ಇಲ್ಲದ ಕೋಣೆಯಲ್ಲಿ ಕೆಲಸ ಮಾಡುವ ವಕೀಲರು, ಎಂಜಿನಿಯರುಗಳು ಫ್ಯಾನ್ ಇರುವ, ಗಾಳಿಕಿಂಡಿ ದೊಡ್ಡದಿರುವ, ಎರಡು ಮಿಲಿಮೀಟರ್ ದಪ್ಪವೇ ಆದ ಯಂತ್ರವನ್ನು ಆರಿಸಿಕೊಳ್ಳುವುದು ಲೇಸು. ನಿಲ್ಲಿಸಿದ ಕಾರಿನೊಳಗಂತೂ ಬಿಟ್ಟು ಹೋಗಲೇಬಾರದು.

ತೆಳು ಯಂತ್ರದ ವೇಗವನ್ನೂ ಬಿಸಿಯೇ ನಿರ್ಧರಿಸುತ್ತದೆ. ಜಾಹೀರಾತಿನ ದೊಡ್ಡ ಗಿಗಾಹರ್ಟ್ಸ್ ಅಂಕಿ ಸಣ್ಣ ಓಟಕ್ಕೆ ಮಾತ್ರ. ಫೈಲ್ ತೆರೆಯುವಾಗ, ಪುಟ ತೆರೆಯುವಾಗ ಆ ವೇಗ ಸಿಗುತ್ತದೆ. ಅರ್ಧ ಗಂಟೆ ವಿಡಿಯೊ ರೆಂಡರ್ ಮಾಡಲು ಕೂರಿಸಿದರೆ ಚಿಪ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎಕ್ಸೆಲ್, ಮೇಲ್, ಟ್ಯಾಲಿ, ಝೂಮ್ ಮೀಟಿಂಗ್ ಇಷ್ಟೇ ಇರುವವರಿಗೆ ಇದು ತೊಡಕೇ ಅಲ್ಲ.

> ಬಾಕ್ಸ್: ಬ್ಯಾಟರಿ ಊದಿದ್ದು ಕಂಡರೆ
>
> ಟಚ್‌ಪ್ಯಾಡ್ ಎದ್ದಿದೆ, ತಳ ಮೇಜಿನ ಮೇಲೆ ಸಮನಾಗಿ ಕೂರುತ್ತಿಲ್ಲ, ಮುಚ್ಚಳ ಪೂರ್ತಿ ಮುಚ್ಚುತ್ತಿಲ್ಲ: ಈ ಮೂರರಲ್ಲಿ ಒಂದು ಕಂಡರೂ ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಒತ್ತಿ ಸಮ ಮಾಡಲು ಹೋಗಬೇಡಿ, ಚುಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಹಳೆಯ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.

ಅಂಗಡಿಯಲ್ಲಿ ಟೈಪ್ ಮಾಡಿ ನೋಡಿ

ತೆಳುವಾಗುವ ಓಟದಲ್ಲಿ ಸದ್ದಿಲ್ಲದೆ ಸೊರಗಿದ್ದು ಕೀಬೋರ್ಡ್. ಕೀಲಿ ಒತ್ತಿದಾಗ ಕೆಳಗಿಳಿಯುವ ಆಳ ಒಂದೂವರೆ ಮಿಲಿಮೀಟರಿನ ಆಸುಪಾಸಿದ್ದರೆ ಬೆರಳಿಗೆ ಒತ್ತಿದ ಅರಿವಾಗುತ್ತದೆ. ಒಂದಕ್ಕಿಂತ ಕೆಳಗಿಳಿದರೆ ಗಾಜಿನ ಮೇಲೆ ಕುಟ್ಟಿದ ಅನುಭವ.

ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಮುಖ್ಯ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಬೇಕು, ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯಬೇಕು. ‘ಸ್ವಾತಂತ್ರ್ಯ’ ಎಂಬ ಒಂದೇ ಪದಕ್ಕೆ ಎಫ್ ಮೇಲೆ ಮೂರು ಏಟು. ತಾಲ್ಲೂಕು ಕಚೇರಿಯ ಗುಮಾಸ್ತರ, ಪತ್ರಿಕಾ ಕಚೇರಿಯ ಉಪಸಂಪಾದಕರ ಕೀಬೋರ್ಡ್ ನೋಡಿ, ಎಫ್ ಅಕ್ಷರವೇ ಅಳಿಸಿಹೋಗಿರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಇಂಗ್ಲಿಷಿನ ಒಂದು ಸಾಲು ಹೊಡೆದು ಸುಮ್ಮನಾಗಬೇಡಿ. ನೀವು ದಿನಾ ಬರೆಯುವ ಪತ್ರದ ಒಂದು ಪ್ಯಾರಾ ಕನ್ನಡದಲ್ಲೇ ಹೊಡೆಯಿರಿ. ಎಡ ತೋರುಬೆರಳು, ಎಡ ಕಿರುಬೆರಳು ಏನು ಹೇಳುತ್ತವೆ ಕೇಳಿ.

ಪರದೆಯನ್ನೂ ಹೀಗೆಯೇ ಪರೀಕ್ಷಿಸಬೇಕು. ಮಿರುಗುವ ಗಾಜಿನ ಪರದೆ ಅಂಗಡಿಯಲ್ಲಿ ಚೆಂದ, ಕಿಟಕಿ ಪಕ್ಕ ಕೂತರೆ ನಿಮ್ಮ ಮುಖವೇ ಅದರಲ್ಲಿ ಕಾಣುತ್ತದೆ. ಬಿಸಿನೆಸ್ ಮಾದರಿಗಳು ಹೆಚ್ಚಾಗಿ ಮ್ಯಾಟ್ ಪರದೆಯಲ್ಲಿ ಬರುವುದು ಈ ಕಾರಣಕ್ಕೆ. ತೆಳು ಪರದೆಯ ಹಗೆ ಬಸ್ಸಿನ ನೂಕುನುಗ್ಗಲು. ಮುಚ್ಚಳದೊಳಗೆ ಪೆನ್ನೋ ಇಯರ್‌ಫೋನೋ ಸಿಕ್ಕಿಕೊಂಡರೆ ಒಂದು ಒತ್ತಿಗೆ ಬಿರುಕು. ಕ್ಯಾಮೆರಾ ಮೇಲೆ ಅಂಟಿಸುವ ಪ್ಲಾಸ್ಟಿಕ್ ಮುಚ್ಚಳದಿಂದಲೂ ಪರದೆ ಒಡೆಯಬಹುದೆಂದು 2020ರಲ್ಲಿ ಆ್ಯಪಲ್ ಎಚ್ಚರಿಸಿತ್ತು. ಕ್ಯಾಮೆರಾಗೆ ಕಂಪನಿಯೇ ಕೂರಿಸಿದ ಜಾರುಮುಚ್ಚಳ ಇರುವ ಯಂತ್ರ ತೆಗೆದುಕೊಂಡರೆ ಈ ತಲೆನೋವಿಲ್ಲ.

ರ‍್ಯಾಮ್ ವಿಷಯದಲ್ಲಿ ಒಂದೇ ಮಾತು: ಆಮೇಲೆ ಹಾಕಿಸಿಕೊಂಡರಾಯಿತು ಎನ್ನುವ ಕಾಲ ಹೋಯಿತು. ತೆಳು ಯಂತ್ರಗಳಲ್ಲಿ ಅದು ಬೋರ್ಡಿಗೇ ಬೆಸುಗೆ. ಇಂಟೆಲ್ 2024ರಲ್ಲಿ ತಂದ ‘ಲೂನಾರ್ ಲೇಕ್’ ಚಿಪ್‌ಗಳಲ್ಲಂತೂ ಮೆಮೊರಿ ಪ್ರೊಸೆಸರ್‌ನ ಪ್ಯಾಕೇಜಿನೊಳಗೇ ಸೇರಿಹೋಗಿದೆ, 16 ಅಥವಾ 32 ಜಿಬಿ. ಇಂದು 16ಕ್ಕಿಂತ ಕಡಿಮೆ ಕೊಳ್ಳಬೇಡಿ, ಐದು ವರ್ಷ ಇಟ್ಟುಕೊಳ್ಳುವವರಿಗೆ 32 ಹೆಚ್ಚೇನಲ್ಲ. ಎಸ್‌ಎಸ್‌ಡಿ ಮಾತ್ರ ಹೆಚ್ಚಿನ ವಿಂಡೋಸ್ ಯಂತ್ರಗಳಲ್ಲಿ ಬದಲಿಸಬಹುದಾದ ಚೂರಾಗಿಯೇ ಉಳಿದಿದೆ. ಅಲ್ಲಿ ಉಳಿಸಿದ ದುಡ್ಡನ್ನು ರ‍್ಯಾಮ್‌ಗೆ ಹಾಕಿ.

ತೂಕ ನೋಡುವಾಗ ಚಾರ್ಜರನ್ನೂ ಸೇರಿಸಿ. ಹಳೆಯ ಇಟ್ಟಿಗೆಯಂಥ ಅಡಾಪ್ಟರ್, ಮೂರು ಪಿನ್ನಿನ ದಪ್ಪ ವೈರು ಸೇರಿದರೆ ಕಾಲು ಕಿಲೋ ಮೀರುತ್ತದೆ, ಹಗುರದ ಯಂತ್ರಕ್ಕೆ ಕೊಟ್ಟ ಹೆಚ್ಚಿನ ಬೆಲೆ ಅಲ್ಲೇ ಕರಗಿತು. ಯುಎಸ್‌ಬಿ ಟೈಪ್-ಸಿ ಚಾರ್ಜಿಂಗ್ ಇದ್ದರೆ 65 ವ್ಯಾಟ್‌ನ ಗ್ಯಾಲಿಯಂ ನೈಟ್ರೈಡ್ ಚಾರ್ಜರ್ ಒಂದೇ ಸಾಕು, ಫೋನಿಗೂ ಅದೇ. ಕೇಬಲ್ ಕಡೆಗೂ ಗಮನವಿರಲಿ. ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್‌ನದು, 60 ವ್ಯಾಟ್‌ಗೆ ಅದರ ಮಿತಿ ಮುಗಿಯಿತು. ಅದಕ್ಕೂ ಹೆಚ್ಚು ಬೇಕಾದರೆ ಒಳಗೆ ಗುರುತು ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ‘ಚಾರ್ಜ್ ನಿಧಾನ’ ಎಂಬ ಎಷ್ಟೋ ದೂರುಗಳ ಮೂಲ ಫೋನಿನ ಕೇಬಲ್ಲೇ.

> ಬಾಕ್ಸ್: ವಿಮಾನ ಹತ್ತುವವರಿಗೆ
>
> ವಿಮಾನ ಸಂಸ್ಥೆಯ ಅನುಮತಿಯಿಲ್ಲದೆ ಕ್ಯಾಬಿನ್‌ನಲ್ಲಿ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಹಗುರ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ 50-60ರ ಒಳಗಿರುತ್ತವೆ. ಪವರ್ ಬ್ಯಾಂಕ್ ಮೇಲೆ ಎಂಎಎಚ್ ಮಾತ್ರ ಬರೆದಿದ್ದರೆ ಅದನ್ನು ವೋಲ್ಟೇಜ್‌ನಿಂದ ಗುಣಿಸಿ 1,000ದಿಂದ ಭಾಗಿಸಿ. ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ.

ಬಿಸಿನೆಸ್ ಎಂಬ ಹಣೆಪಟ್ಟಿಗೆ ಯಾಕೆ ಹೆಚ್ಚು ಬೆಲೆ?

ಅದೇ ಪ್ರೊಸೆಸರ್, ಅಷ್ಟೇ ರ‍್ಯಾಮ್ ಇರುವ ಮನೆಬಳಕೆಯ ಮಾದರಿ ಅಗ್ಗಕ್ಕೆ ಸಿಗುವಾಗ ಥಿಂಕ್‌ಪ್ಯಾಡ್, ಎಲೀಟ್‌ಬುಕ್, ಡೆಲ್‌ನ ಲ್ಯಾಟಿಟ್ಯೂಡ್ (2025ರಿಂದ ಅದರ ಹೆಸರು ಡೆಲ್ ಪ್ರೊ) ಯಾಕೆ ಕೊಳ್ಳಬೇಕು? ಇದಕ್ಕೆ ಉತ್ತರ ಯಂತ್ರ ಕೆಟ್ಟ ದಿನ ಸಿಗುತ್ತದೆ. ಬಿಸಿನೆಸ್ ಸಾಲಿನ ಯಂತ್ರಗಳಿಗೆ ಆನ್‌ಸೈಟ್ ವಾರಂಟಿ ತೆಗೆದುಕೊಂಡರೆ ಎಂಜಿನಿಯರ್ ನಿಮ್ಮ ಮೇಜಿನ ಬಳಿಗೇ ಬರುತ್ತಾನೆ. ಬಿಚ್ಚುವ ಕ್ರಮವನ್ನು ಚಿತ್ರಸಹಿತ ವಿವರಿಸುವ ಸರ್ವಿಸ್ ಮ್ಯಾನ್ಯುಯಲ್ ಕಂಪನಿಯ ತಾಣದಲ್ಲೇ ಸಿಗುತ್ತದೆ. ಬಿಡಿಭಾಗಗಳು ವರ್ಷಗಳವರೆಗೆ ದೊರೆಯುತ್ತವೆ. ಸ್ವಂತ ಕಚೇರಿ ನಡೆಸುವವರಿಗೆ ಬೆಲೆಯ ಭಾರವೂ ಸ್ವಲ್ಪ ತಗ್ಗುತ್ತದೆ: ಶೇ 18ರ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಇದೆ, ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಶೇ 40ರ ಸವಕಳಿ ಇದೆ.

ಆನ್‌ಸೈಟ್ ಎಂದರೆ ಎಲ್ಲ ಊರಿಗೂ ಬರುತ್ತಾರೆಂದು ಅಂದುಕೊಳ್ಳಬೇಡಿ. ಸಿರಸಿ, ಸಿಂಧನೂರಿನಲ್ಲಿ ಇರುವವರು ದುಡ್ಡು ಕೊಡುವ ಮೊದಲೇ ತಮ್ಮ ಪಿನ್‌ಕೋಡ್ ಹೇಳಿ ಕಂಪನಿಯಿಂದ ಮೇಲ್‌ನಲ್ಲಿ ಖಾತ್ರಿ ಪಡೆಯಬೇಕು.

ಹಗುರವೂ ಬೇಕು, ರಿಪೇರಿಗೂ ಸುಲಭವಿರಬೇಕು ಎಂದರೆ ಅತಿಯಾಸೆಯೇ? ಅಲ್ಲ. 2024ರ ಥಿಂಕ್‌ಪ್ಯಾಡ್ ಟಿ14ಕ್ಕೆ, ರಿಪೇರಿಯ ಸುಲಭವನ್ನು ಅಳೆಯುವ ಅಮೆರಿಕದ ಐಫಿಕ್ಸಿಟ್ ಸಂಸ್ಥೆ 10ಕ್ಕೆ 9 ಅಂಕ ಕೊಟ್ಟಿತು. ಬ್ಯಾಟರಿ ಸ್ಕ್ರೂ ಬಿಚ್ಚಿದರೆ ಬರುತ್ತದೆ, ರ‍್ಯಾಮ್‌ಗೆ ಕಿಂಡಿಯಿದೆ. ತೂಕ ಶುರುವಾಗುವುದು ಸುಮಾರು 1.3 ಕೆ.ಜಿ.ಯಿಂದ. ಕಿಲೋ ಒಳಗಿನ ಯಂತ್ರಕ್ಕಿಂತ ಮುನ್ನೂರು ಗ್ರಾಂ ಹೆಚ್ಚು. ಆ ಮುನ್ನೂರು ಗ್ರಾಂನಲ್ಲಿ ಇನ್ನೂ ಮೂರು ವರ್ಷದ ಬಾಳಿಕೆ ಸಿಗುವುದಾದರೆ ನಾನಂತೂ ಸಂತೋಷದಿಂದ ಹೊರುತ್ತೇನೆ. ಬೆನ್ನುನೋವಿರುವವರು, ದಿನಕ್ಕೆ ನಾಲ್ಕು ಕಡೆ ಓಡಾಡುವ ಮೆಡಿಕಲ್ ರೆಪ್‌ಗಳು ಕಿಲೋ ಒಳಗಿನದನ್ನೇ ಆರಿಸಿಕೊಳ್ಳಲಿ, ಅವರಿಗೆ ಅದು ಬೇಕೇಬೇಕು.

ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವವರು ಬೆಲೆಯ ಪಕ್ಕದಲ್ಲೇ ರಿಪೇರಿಯ ಅಂಕವನ್ನೂ ತೋರಿಸಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅಲ್ಲಿಗೇ ನಿಲ್ಲಬಾರದು. ಫ್ರಿಜ್ಜಿಗೆ ನಕ್ಷತ್ರದ ಚೀಟಿ ಅಂಟಿಸಿ ವಿದ್ಯುತ್ ಉಳಿಸಲು ಕಲಿಸಿದ ದೇಶ ಲ್ಯಾಪ್‌ಟಾಪಿಗೆ ರಿಪೇರಿ ಚೀಟಿ ಅಂಟಿಸಲಾರದೆ?

ಸೆಕೆಂಡ್ ಹ್ಯಾಂಡ್ ತಪ್ಪೇನಲ್ಲ

ಬೆಂಗಳೂರಿಗೆ ಒಂದು ಅನುಕೂಲವಿದೆ. ಐಟಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಲೀಸ್ ಮುಗಿಸಿ ಬಿಡುವ ಬಿಸಿನೆಸ್ ಲ್ಯಾಪ್‌ಟಾಪ್‌ಗಳು ಎಸ್.ಪಿ. ರಸ್ತೆಯಂಥ ಕಡೆ ರಾಶಿರಾಶಿ ಸಿಗುತ್ತವೆ. ಹೊಸದಾಗಿ ವಕೀಲಿ ಹಿಡಿದ ಹುಡುಗಿಗೆ, ಸಣ್ಣ ಊರಿನ ಲೆಕ್ಕಪರಿಶೋಧಕನಿಗೆ ಅಗ್ಗದ ಹೊಸ ಪ್ಲಾಸ್ಟಿಕ್ ಯಂತ್ರಕ್ಕಿಂತ ಹಳೆಯ ಮೆಗ್ನೀಷಿಯಂ ಯಂತ್ರವೇ ಎಷ್ಟೋ ಮೇಲು.

ಆದರೆ ನೋಡಿ ಕೊಳ್ಳಬೇಕು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. 7ನೇ ತಲೆಮಾರಿನದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಲಿನಕ್ಸ್ ಬಳಸುವವರು ಮಾತ್ರ ತೆಗೆದುಕೊಳ್ಳಲಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಕಾರ್ಖಾನೆಯಿಂದ ಬಂದಾಗಿನ ಸಾಮರ್ಥ್ಯ, ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಮುಕ್ಕಾಲಿಗಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.

ಬಯಾಸ್‌ಗೆ ಪಾಸ್‌ವರ್ಡ್ ಇದೆಯೇ ಎಂದು ನಿಮ್ಮ ಕಣ್ಣೆದುರೇ ತೆರೆಸಿ ನೋಡಿ. ಆಮೇಲೆ ವಿಂಡೋಸನ್ನು ಹೊಸದಾಗಿ ಹಾಕಿಸಿ, ಅಂಗಡಿಯವರ ವೈ-ಫೈಗೇ ಜೋಡಿಸಿ. ಲಾಗಿನ್ ಪರದೆಯಲ್ಲಿ ಯಾವುದಾದರೂ ಕಂಪನಿಯ ಹೆಸರು ಎದ್ದು ಬಂದರೆ ಆ ಯಂತ್ರ ಇನ್ನೂ ಹಳೆಯ ಮಾಲೀಕರ ಪಟ್ಟಿಯಲ್ಲೇ ಇದೆ ಎಂದರ್ಥ. ಅದನ್ನು ಅಲ್ಲೇ ಬಿಟ್ಟು ಪಕ್ಕದ ಯಂತ್ರ ಕೇಳಿ, ಸೀರಿಯಲ್ ನಂಬರ್ ಬರೆದ ಬಿಲ್ ತೆಗೆದುಕೊಳ್ಳಿ.